ಔಟಿಂಗಿಗೆ ಹತ್ತಿರದ ಜಾಗ: ಕಂಪನಿ ಸಮಿತಿಗಳಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ಕಂಪನಿಗಳಲ್ಲಿ ಟೀಮ್ ಔಟಿಂಗ್ ಏರ್ಪಡಿಸುವ ಎಲ್ಲ ಸಮಿತಿಗಳ ಸದಸ್ಯರಿಗೆ,



ನಿಮ್ಮದು ಸುಲಭದ ಕೆಲಸವಲ್ಲ. ನಿಮ್ಮ ನಿಮ್ಮ ಡೆಡ್‌ಲೈನ್‌ಗಳ ನಡುವೆಯೇ ಇದನ್ನೂ ಹೊತ್ತುಕೊಳ್ಳುತ್ತೀರಿ. ಮೇಲಿನವರು ತಲೆಗಿಷ್ಟು ಎಂದು ಹಣ ಮಂಜೂರು ಮಾಡುತ್ತಾರೆ, ಉಳಿದವರು ನೂರೆಂಟು ಬೇಡಿಕೆ ಇಡುತ್ತಾರೆ, ಏನೇ ಮಾಡಿದರೂ ಊಟ ಸರಿಯಿರಲಿಲ್ಲ ಎನ್ನುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಆ ಶ್ರಮವನ್ನು ಗೌರವಿಸಿಯೇ ಈ ಪತ್ರ ಬರೆಯುತ್ತಿದ್ದೇನೆ. ನೀವು ಕಳಿಸುವ ಗೂಗಲ್ ಫಾರ್ಮಿನಲ್ಲಿ ಸಾಮಾನ್ಯವಾಗಿ ನಾಲ್ಕು ಪ್ರಶ್ನೆಗಳಿರುತ್ತವೆ: ಬರುತ್ತೀರಾ, ವೆಜ್ಜೋ ನಾನ್‌ವೆಜ್ಜೋ, ಟೀ ಶರ್ಟಿನ ಸೈಜ್ ಎಷ್ಟು, ಬಸ್ ಎಲ್ಲಿ ಹತ್ತುತ್ತೀರಿ. ಅಷ್ಟು ಹೊತ್ತಿಗೆ ಜಾಗ ಗೊತ್ತಾಗಿ, ಮುಂಗಡ ಕೂಡ ಕೊಟ್ಟಾಗಿರುತ್ತದೆ. ಜಾಗ ಗೊತ್ತುಮಾಡುವ ಮೊದಲೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ನೀವು ಎಷ್ಟು ಹೊತ್ತಿಗೆ ಮನೆಯಲ್ಲಿರಬೇಕು? ಇದಕ್ಕೆ ಬರುವ ಉತ್ತರಗಳನ್ನು ಮುಂದಿಟ್ಟುಕೊಂಡು ಹೊರಟರೆ ಊರಾಚೆಯ ರೆಸಾರ್ಟು ಬಹಳ ಬೇಗ ಪಟ್ಟಿಯಿಂದ ಬಿದ್ದುಹೋಗುತ್ತದೆ. ನನ್ನ ವಾದ ಇಷ್ಟೇ: ತಂಡದ ಔಟಿಂಗ್ ಊರೊಳಗೆ ಆಗಬೇಕು, ಮೆಟ್ರೋಗೆ ಹತ್ತಿರವಿರಬೇಕು, ಕೆಲಸದ ಅವಧಿಯಲ್ಲೇ ಮುಗಿಯಬೇಕು. ಏಕೆಂದರೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ನಿಮ್ಮ ಆಟೋಟಗಳಿಗಿಂತ, ಊಟದ ಮೆನುವಿಗಿಂತ ಮೊದಲು ದೂರವೇ ತೀರ್ಮಾನಿಸಿಬಿಟ್ಟಿರುತ್ತದೆ.

ಔಟಿಂಗ್ ದಿನವೊಂದನ್ನು ಗಡಿಯಾರ ಹಿಡಿದು ನೋಡೋಣ. ಆಫೀಸು ವೈಟ್‌ಫೀಲ್ಡಿನಲ್ಲಿ, ರೆಸಾರ್ಟು ಕನಕಪುರ ರಸ್ತೆಯಲ್ಲಿ ಊರಾಚೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 6.30ಕ್ಕೆ ಮೊದಲ ಪಿಕಪ್. ಮಾರತ್ತಹಳ್ಳಿಯಲ್ಲಿ ಕೆಲವರು, ಸಿಲ್ಕ್ ಬೋರ್ಡಿನಲ್ಲಿ ಕೆಲವರು, ಬನಶಂಕರಿಯಲ್ಲಿ ಉಳಿದವರು. ಪ್ರತಿ ಸ್ಟಾಪಿನಲ್ಲೂ ‘ಎರಡೇ ನಿಮಿಷ, ಬಂದೆ’ ಎನ್ನುವ ಒಬ್ಬರಿಗಾಗಿ ಹತ್ತು ನಿಮಿಷ ಕಾಯಬೇಕು. ರೆಸಾರ್ಟು ಮುಟ್ಟುವಾಗ 9.30 ದಾಟಿರುತ್ತದೆ. ವೆಲ್ಕಮ್ ಡ್ರಿಂಕ್, ತಿಂಡಿ, ಬ್ಯಾಗ್ ಇಡುವುದು, ಬಟ್ಟೆ ಬದಲಿಸುವುದು ಎಲ್ಲ ಮುಗಿದು ಮೊದಲ ಆಟಕ್ಕೆ ಜನ ಸೇರುವಾಗ 11. ಒಂದೂವರೆಗೆ ಊಟ. ಊಟದ ಮೇಲೆ ಅರ್ಧ ಜನ ಈಜುಕೊಳಕ್ಕೆ, ಉಳಿದರ್ಧ ಮರದ ಕೆಳಗಿನ ಕುರ್ಚಿಗೆ. ನಾಲ್ಕೂವರೆಗೆ ಟೀ, ಪಕೋಡ, ಗ್ರೂಪ್ ಫೋಟೋ. ಐದೂವರೆಗೆ ಬಸ್ ಹೊರಟರೆ ಅದು ಊರೊಳಗೆ ಬರುವುದು ಸರಿಯಾಗಿ ಸಂಜೆಯ ದಟ್ಟಣೆಯ ಹೊತ್ತಿಗೆ. ಕೊನೆಯವರು ಮಾರತ್ತಹಳ್ಳಿಯಲ್ಲಿ ಇಳಿಯುವಾಗ ಒಂಬತ್ತು. ಅಂದರೆ ಹದಿನಾಲ್ಕೂವರೆ ಗಂಟೆಯ ದಿನದಲ್ಲಿ ಸುಮಾರು ಆರೂವರೆ ಗಂಟೆ ಬಸ್ಸಿನ ಸೀಟಿನಲ್ಲೇ ಹೋಯಿತು. ಇಡೀ ತಂಡ ಒಂದೆಡೆ ಕೂಡಿ ಏನಾದರೂ ಮಾಡಿದ್ದು ಊಟವೂ ಸೇರಿ ಮೂರೂವರೆ ಗಂಟೆ. ಇದೇನು ಕೆಟ್ಟ ದಿನದ ಲೆಕ್ಕವಲ್ಲ, ಎಲ್ಲ ಸುಸೂತ್ರವಾದ ದಿನದ್ದು. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದಲ್ಲಿ ಬೆಂಗಳೂರಿನೊಳಗೆ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಹಿಡಿಯುತ್ತದೆ ಎಂದಿದೆ; ಆ ಪಟ್ಟಿಯ ಅತಿ ನಿಧಾನದ ನಗರಗಳಲ್ಲಿ ನಮ್ಮದು ಮೂರನೆಯದು. ಇಂಥ ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿ, ಆಮೇಲೆ ಹೆದ್ದಾರಿ ಹಿಡಿಯುವುದನ್ನು ವಿಶ್ರಾಂತಿ ಎಂದು ಕರೆಯಲಾಗದು.

ಪ್ರಯಾಣದ ಹೊತ್ತನ್ನು ಮನಸ್ಸು ಹೇಗೆ ಅನುಭವಿಸುತ್ತದೆ ಎಂಬುದರ ಬಗ್ಗೆ ಒಳ್ಳೆಯ ಸಂಶೋಧನೆ ಇದೆ. 2004ರಲ್ಲಿ ಡೇನಿಯಲ್ ಕಾನಮನ್ ಮತ್ತು ಜೊತೆಗಾರರು ಅಮೆರಿಕದ ಟೆಕ್ಸಸ್‌ನ 909 ಉದ್ಯೋಗಸ್ಥ ಮಹಿಳೆಯರಿಗೆ ಹಿಂದಿನ ದಿನವನ್ನು ತುಂಡುತುಂಡಾಗಿ ನೆನಪಿಸಿಕೊಂಡು, ಪ್ರತಿ ತುಂಡಿನಲ್ಲಿ ಮನಸ್ಸು ಹೇಗಿತ್ತು ಎಂದು ಬರೆಯಲು ಹೇಳಿದರು. ಆಪ್ತರೊಡನೆ, ಗೆಳೆಯರೊಡನೆ ಬೆರೆತ ಹೊತ್ತು ಪಟ್ಟಿಯ ಮೇಲ್ತುದಿಯಲ್ಲಿತ್ತು. ಕೆಲಸಕ್ಕೆ ಹೋಗಿಬರುವ ಪ್ರಯಾಣ ಕೆಳತುದಿಯಲ್ಲಿತ್ತು. ಔಟಿಂಗಿನ ಉದ್ದೇಶ ಮೊದಲನೆಯದನ್ನು ಕೊಡುವುದು. ದೂರದ ಜಾಗ ಆರಿಸಿದಾಗ ನಾವು ಎರಡನೆಯದನ್ನೇ ಹೆಚ್ಚು ಬಡಿಸುತ್ತೇವೆ. ಕಾನಮನ್ ಅವರೇ ಡೊನಾಲ್ಡ್ ರೆಡಲ್‌ಮೇಯರ್ ಎಂಬ ವೈದ್ಯರೊಡನೆ 1996ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನೋವಿನ ತಪಾಸಣೆಗೆ ಒಳಗಾದ ರೋಗಿಗಳದ್ದು. ಅನುಭವ ಎಷ್ಟು ಹೊತ್ತು ನಡೆಯಿತು ಎನ್ನುವುದು ಅವರ ನೆನಪಿನಲ್ಲಿ ಅಷ್ಟಾಗಿ ಉಳಿಯಲಿಲ್ಲ. ಅದರ ತೀವ್ರ ಗಳಿಗೆ ಮತ್ತು ಅದು ಮುಗಿದ ಬಗೆ, ಇವೆರಡೇ ಉಳಿದವು. ಆಸ್ಪತ್ರೆಯ ಮಾತನ್ನು ಔಟಿಂಗಿಗೆ ನೇರವಾಗಿ ಅನ್ವಯಿಸಲು ಬಾರದು, ನಿಜ. ಆದರೂ ಯೋಚಿಸಿ: ದೂರದ ಔಟಿಂಗ್ ಮುಗಿಯುವುದು ಎಲ್ಲಿ? ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ, ಒದ್ದೆ ಬಟ್ಟೆಯ ಚೀಲ ಕಾಲಬಳಿ ಇಟ್ಟುಕೊಂಡು, ಮೊಬೈಲಿನಲ್ಲಿ ಆಟೋ ಸಿಗುತ್ತದಾ ಎಂದು ನೋಡುತ್ತಾ. ಮಾರನೆಯ ದಿನ ಆಫೀಸಿಗೆ ಬರುವವರು ಈ ಕೊನೆಯನ್ನೂ ಹೊತ್ತುಕೊಂಡೇ ಬರುತ್ತಾರೆ.

ಬಂದವರ ಮಾತಾಯಿತು. ಬಾರದವರ ಮಾತು ಇದಕ್ಕಿಂತ ದೊಡ್ಡದು. ಫಾರ್ಮಿನಲ್ಲಿ ‘ಇಲ್ಲ’ ಎಂದು ಒತ್ತಿದವರ ಹೆಸರುಗಳನ್ನು ಎರಡು ಮೂರು ಔಟಿಂಗುಗಳ ಉದ್ದಕ್ಕೆ ಜೋಡಿಸಿ ನೋಡಿದರೆ, ಅಲ್ಲಿ ಅವವೇ ಹೆಸರುಗಳು ಮತ್ತೆ ಮತ್ತೆ ಕಾಣುವ ಸಂಭವ ಹೆಚ್ಚು. ಮನೆಯಲ್ಲಿ ಎದೆಹಾಲು ಕುಡಿಯುವ ಕೂಸಿರುವ ತಾಯಿ. ಮಧ್ಯಾಹ್ನ ಮೂರೂವರೆಗೆ ಶಾಲಾ ವ್ಯಾನಿನಿಂದ ಮಗುವನ್ನು ಇಳಿಸಿಕೊಳ್ಳಬೇಕಾದ ತಂದೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ಅಪ್ಪನ ಜೊತೆ ಇರುವ ಮಗಳು. ತುಮಕೂರಿನಿಂದಲೋ ಹೊಸೂರಿನಿಂದಲೋ ದಿನಾ ಬಂದುಹೋಗುವವರು, ಅವರಿಗೆ 6.30ರ ಪಿಕಪ್ ಎಂದರೆ ನಾಲ್ಕು ಗಂಟೆಗೆ ಏಳುವುದು. ಬಸ್ಸಿನಲ್ಲಿ ವಾಂತಿ ಬರುವವರು, ಆದರೆ ಅದನ್ನು ಆಫೀಸಿನಲ್ಲಿ ಹೇಳಲು ಸಂಕೋಚ ಪಡುವವರು. ಗಾಲಿಕುರ್ಚಿ ಬಳಸುವವರು. ಇವರಲ್ಲಿ ಯಾರೂ ಕಾರಣ ವಿವರಿಸುವುದಿಲ್ಲ. ‘ಪರ್ಸನಲ್ ವರ್ಕ್’ ಎಂದು ಬರೆದು ಮುಗಿಸುತ್ತಾರೆ. ಮ್ಯಾನೇಜರಿಗೆ ಅದು ನಿರುತ್ಸಾಹವಾಗಿ ಕಾಣುತ್ತದೆ. ಬಡ್ತಿಯ ಮಾತು ಬಂದಾಗ ‘ಅವರು ಅಷ್ಟಾಗಿ ಬೆರೆಯುವುದಿಲ್ಲ’ ಎಂಬ ಅಭಿಪ್ರಾಯ ಯಾರೂ ಬರೆದಿಡದೆಯೇ ನಿಂತುಬಿಟ್ಟಿರುತ್ತದೆ. ತಂಡವನ್ನು ಒಂದುಗೂಡಿಸಲೆಂದು ಮಾಡಿದ ಏರ್ಪಾಡೇ ತಂಡವನ್ನು ಎರಡು ಮಾಡುತ್ತದೆ: ಫೋಟೋದಲ್ಲಿ ಇರುವವರು ಮತ್ತು ಇಲ್ಲದವರು.

ಈ ವಿಷಯದಲ್ಲಿ ಕಾನೂನು ನಮ್ಮ ಸಮಿತಿಗಳಿಗಿಂತ ಮುಂದಿದೆ. ಹೆರಿಗೆ ಸೌಲಭ್ಯದ ಕಾನೂನಿನ ಪ್ರಕಾರ ಕೆಲಸಕ್ಕೆ ಮರಳಿದ ತಾಯಿಗೆ, ಮಗುವಿಗೆ ಹದಿನೈದು ತಿಂಗಳಾಗುವವರೆಗೆ, ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಲೇಬೇಕು. ಐವತ್ತು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ತಿದ್ದುಪಡಿಯೇ ಹೇಳಿತ್ತು. ಆಫೀಸಿನಲ್ಲಿ ಇಷ್ಟನ್ನು ಒಪ್ಪಿಕೊಂಡ ಕಂಪನಿ ಅದೇ ತಾಯಿಯನ್ನು ಹದಿನಾಲ್ಕು ಗಂಟೆಯ ಔಟಿಂಗಿಗೆ ಕರೆದರೆ, ಆ ಕರೆಗೆ ಅರ್ಥವೇ ಉಳಿಯುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದು ಎನ್ನುತ್ತದೆ, ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು ಎನ್ನುತ್ತದೆ. ಜಲ್ಲಿ ಹಾಸಿದ ದಾರಿ, ಮೆಟ್ಟಿಲು ಹತ್ತಿ ಹೋಗುವ ಊಟದ ಮನೆ, ಹಗ್ಗದ ಸೇತುವೆಯೇ ಮುಖ್ಯ ಆಟವಾಗಿರುವ ಜಾಗ ಆ ನೀತಿಯ ಪಕ್ಕದಲ್ಲಿ ನಿಲ್ಲುವುದಿಲ್ಲ. ಇನ್ನು 2013ರ ಕಾಯ್ದೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವಂಥದ್ದು, ಕೆಲಸದ ಸ್ಥಳ ಎನ್ನುವುದನ್ನು ಆಫೀಸಿನ ನಾಲ್ಕು ಗೋಡೆಗೆ ನಿಲ್ಲಿಸಿಲ್ಲ. ಕೆಲಸದ ನಿಮಿತ್ತ ಹೋಗುವ ಯಾವ ಜಾಗವೂ, ಉದ್ಯೋಗದಾತರು ಒದಗಿಸಿದ ವಾಹನವೂ ಅದರೊಳಗೆ ಬರುತ್ತವೆ. ಹಾಗಾಗಿ ರಾತ್ರಿ ಒಂಬತ್ತಕ್ಕೆ ಒಬ್ಬ ಹೆಣ್ಣುಮಗಳು ಬಸ್ಸಿಳಿದು ಮನೆ ಸೇರುವವರೆಗಿನ ಚಿಂತೆ ಅವಳೊಬ್ಬಳದೇ ಎಂದು ಸಮಿತಿ ಕೈತೊಳೆದುಕೊಳ್ಳಲಾಗದು. ಹತ್ತಿರದ ಜಾಗದಲ್ಲಿ ಹಗಲಲ್ಲೇ ಮುಗಿಯುವ ಔಟಿಂಗಿನಲ್ಲಿ ಈ ಹೊರೆಯ ಬಹುಪಾಲು ತಾನಾಗಿಯೇ ಇಳಿಯುತ್ತದೆ.

ಹಾಗಾದರೆ ಸಹೋದ್ಯೋಗಿಗಳು ಹತ್ತಿರವಾಗುವುದು ಯಾವುದರಿಂದ? ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶಾಕ್ಟರ್ ಮತ್ತು ಕರ್ಟ್ ಬ್ಯಾಕ್ 1950ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಎಂಐಟಿಯ ವಿದ್ಯಾರ್ಥಿ ಕುಟುಂಬಗಳ ವಸತಿಯಲ್ಲಿ ನಡೆದದ್ದು. ಅಲ್ಲಿ ಯಾರು ಯಾರಿಗೆ ಗೆಳೆಯರಾದರು ಎಂದು ನೋಡಿದಾಗ ಪಕ್ಕದ ಬಾಗಿಲಿನವರೇ ಹೆಚ್ಚಾಗಿ ಸಿಕ್ಕರು; ಎಲ್ಲರೂ ಓಡಾಡುವ ಮೆಟ್ಟಿಲ ಬಳಿ ಮನೆ ಇದ್ದವರಿಗೆ ಮೇಲಿನ ಮಹಡಿಯಲ್ಲೂ ಗೆಳೆತನ ಬೆಳೆದಿತ್ತು. ದಿನಾ ಸಣ್ಣಸಣ್ಣದಾಗಿ ಎದುರಾಗುವುದು ಸ್ನೇಹ ಕಟ್ಟುತ್ತದೆ ಎಂಬುದು ಅದರ ತಿರುಳು. ಕಾರ್ನೆಲ್ ವಿಶ್ವವಿದ್ಯಾಲಯದ ಕೆವಿನ್ ನಿಫಿನ್ ಮತ್ತು ಸಂಗಡಿಗರು ಅಮೆರಿಕದ ದೊಡ್ಡ ನಗರವೊಂದರ ಅಗ್ನಿಶಾಮಕ ಠಾಣೆಗಳನ್ನು ಅಭ್ಯಸಿಸಿ 2015ರಲ್ಲಿ ಬರೆದದ್ದು ಇನ್ನೂ ಹತ್ತಿರದ ಮಾತು. ಒಟ್ಟಿಗೆ ಅಡುಗೆ ಮಾಡಿಕೊಂಡು ಒಟ್ಟಿಗೆ ಉಣ್ಣುವ ತಂಡಗಳ ಕೆಲಸವೂ ಉಳಿದವುಗಳಿಗಿಂತ ಚೆನ್ನಾಗಿತ್ತು. ಒಟ್ಟಿಗೆ ಉಣ್ಣುವುದಕ್ಕೆ ಐವತ್ತು ಕಿಲೋಮೀಟರ್ ಹೋಗಬೇಕಿಲ್ಲ. ಪದೇ ಪದೇ ಸೇರುವುದಕ್ಕಂತೂ ದೂರ ಅಡ್ಡಿಯೇ. ವರ್ಷಕ್ಕೊಂದು ದೊಡ್ಡ ರೆಸಾರ್ಟ್ ಪ್ರವಾಸಕ್ಕೆ ಇಟ್ಟ ಹಣದಲ್ಲಿ ಬಸ್ ಬಾಡಿಗೆ, ಟೋಲ್, ಚಾಲಕರ ಬಾಟಾ, ಇಡೀ ದಿನದ ಪ್ಯಾಕೇಜ್ ಎಂದು ಹೋಗುವ ಪಾಲನ್ನು ತೆಗೆದಿಟ್ಟರೆ, ಅದೇ ಹಣದಲ್ಲಿ ಮೂರು ತಿಂಗಳಿಗೊಮ್ಮೆ ಅರ್ಧ ದಿನದ ಹತ್ತಿರದ ಔಟಿಂಗ್ ಮಾಡಬಹುದು. ಪ್ರಯಾಣದ ಖರ್ಚೂ ದೊಡ್ಡದಲ್ಲ: 2025ರ ಫೆಬ್ರವರಿಯ ದರ ಏರಿಕೆಯ ನಂತರವೂ ನಮ್ಮ ಮೆಟ್ರೋದ ಅತಿ ಹೆಚ್ಚಿನ ಟಿಕೆಟ್ 90 ರೂಪಾಯಿಗೆ ನಿಗದಿಯಾಗಿತ್ತು.

ಈ ಮಾತನ್ನು ಹದಿನೈದು ವರ್ಷದ ಹಿಂದೆ ಹೇಳಿದ್ದರೆ ಪ್ರಯೋಜನವಿರಲಿಲ್ಲ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಮೆಟ್ರೋ ಮೊದಲು ಓಡಿದ್ದೇ 2011ರ ಅಕ್ಟೋಬರಿನಲ್ಲಿ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ತಿಯಾಯಿತು. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ಮಾದಾವರಕ್ಕೆ ಚಾಚಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಗಿ ಎಲೆಕ್ಟ್ರಾನಿಕ್ ಸಿಟಿ ಮೊದಲ ಸಲ ಜಾಲಕ್ಕೆ ಸೇರಿತು. ಔಟಿಂಗಿನ ಜಾಗ ಆರಿಸುವ ಲೆಕ್ಕವೇ ಇದರಿಂದ ಬದಲಾಗಬೇಕಿತ್ತು, ಆದರೆ ಹಲವು ಸಮಿತಿಗಳ ಪಟ್ಟಿ ಇನ್ನೂ ಹಳೆಯದೇ. ವೈಟ್‌ಫೀಲ್ಡಿನ ತಂಡ ಪಟ್ಟಂದೂರು ಅಗ್ರಹಾರದಲ್ಲಿ ರೈಲು ಹತ್ತಿದರೆ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಜಯನಗರ, ಸೌತ್ ಎಂಡ್ ಸರ್ಕಲ್ ದಾಟಿ ಮೂರನೆಯದೇ ಲಾಲ್‌ಬಾಗ್. ಮನೆಯಿಂದಲೇ ಕೆಲಸ ಮಾಡುತ್ತಾ ಮೈಸೂರಿನಲ್ಲೋ ಮಂಡ್ಯದಲ್ಲೋ ಇರುವ ಸಹೋದ್ಯೋಗಿ ರೈಲಿಳಿದು ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹಿಡಿಯಬಹುದು, ಸಂಜೆಯ ರೈಲಿಗೆ ವಾಪಸಾಗಬಹುದು. ಅವರನ್ನು ಕನಕಪುರ ರಸ್ತೆಗೆ ಬರಹೇಳಿದರೆ ಅವರು ಹಿಂದಿನ ರಾತ್ರಿಯೇ ಬಂದು ಯಾರದೋ ಮನೆಯಲ್ಲಿ ಉಳಿಯಬೇಕು.

ಊರೊಳಗೆ ನೋಡಲು, ಮಾಡಲು ಏನಿದೆ ಎನ್ನುವವರಿಗೆ ಲಾಲ್‌ಬಾಗನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ‘ಅದನ್ನು ಎಲ್ಲರೂ ನೋಡಿದ್ದಾರೆ’ ಎಂಬ ಮಾತು ಹೆಚ್ಚಾಗಿ ಕೇಳುವುದು ಇದರ ಬಗ್ಗೆಯೇ. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ ಈಗ 240 ಎಕರೆಯಷ್ಟಿದೆ. ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಹತ್ತಿರ ಕೂತು ನೋಡಿದರೆ ಕಪ್ಪು ಬಿಳುಪಿನ ಪಟ್ಟೆಗಳು ಒಂದಕ್ಕೊಂದು ಸುತ್ತಿಕೊಂಡು ಮಡಿಕೆ ಬಿದ್ದಿರುವುದು ಕಾಣುತ್ತದೆ. ಕಲ್ಲು ಭೂಮಿಯ ಒಳಗೆ ಕಾದು ಮೆದುವಾಗಿದ್ದ ಕಾಲದ ಗುರುತು ಅದು. ಆ ಬಂಡೆಯ ಮೇಲೆ ವಾಕಿಂಗ್ ಮಾಡಿದವರು ಸಾವಿರಾರು, ಇದನ್ನು ಯಾರಾದರೂ ತೋರಿಸಿಕೊಟ್ಟು ನೋಡಿದವರು ಕಡಿಮೆ. ಗಿಡಮರ, ಕಲ್ಲು ಬಲ್ಲವರೊಬ್ಬರನ್ನು ಕರೆದುಕೊಂಡು ಬೆಳಿಗ್ಗೆ ಹತ್ತೂವರೆಯಿಂದ ಎರಡು ಗಂಟೆ ನಡೆದು, ಮೊದಲೇ ಮಾತಾಡಿ ಇಟ್ಟುಕೊಂಡ ಬಸವನಗುಡಿಯ ಹಾಲೊಂದರಲ್ಲಿ ಬಾಳೆಲೆ ಊಟ ಮಾಡಿದರೆ ಎರಡೂವರೆ ಆಗುತ್ತದೆ. ಉಳಿಯುವವರು ಉಳಿದು ಹರಟಬಹುದು, ಹೋಗಬೇಕಾದವರು ನ್ಯಾಷನಲ್ ಕಾಲೇಜ್ ನಿಲ್ದಾಣದಿಂದ ಹೊರಡಬಹುದು. ಕಾರ್ತಿಕದ ಕೊನೆಯ ಸೋಮವಾರ ಬಂದರೆ ಅದೇ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ; ಹೊರರಾಜ್ಯಗಳಿಂದ ಬಂದು ವರ್ಷಗಟ್ಟಲೆ ಇಲ್ಲಿದ್ದೂ ಅದನ್ನು ಕಾಣದ ಸಹೋದ್ಯೋಗಿಗಳು ಎಷ್ಟೋ ಮಂದಿ. ರೆಸಾರ್ಟಿನ ಈಜುಕೊಳ ಯಾವ ಊರಿನಲ್ಲಾದರೂ ಒಂದೇ ಥರ, ಇವು ಈ ಊರಲ್ಲಿ ಮಾತ್ರ ಸಿಗುವವು.

ಕಸ್ತೂರಬಾ ರಸ್ತೆಯೊಂದರಲ್ಲೇ ಒಂದು ದಿನಕ್ಕೆ ಸಾಕಾಗುವಷ್ಟಿದೆ. ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಅಳತೆಯ ಪ್ರತಿರೂಪವಿದೆ. ಅದರ ಮುಂದೆ ನಿಂತ ಎಂಜಿನಿಯರುಗಳಿಗೆ ಮಾತು ತೆಗೆಯಲು ಬೇರೆ ಐಸ್‌ಬ್ರೇಕರ್ ಆಟ ಬೇಕಾಗುವುದಿಲ್ಲ. 2023ರಲ್ಲಿ ಶುರುವಾದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ, ಅಂದರೆ ಮ್ಯಾಪ್, ಅದೇ ರಸ್ತೆಯಲ್ಲಿದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಸೋಮವಾರ ಇಂಥ ಹಲವಕ್ಕೆ ರಜೆ, ನೋಡಿಕೊಳ್ಳಿ. ಹೆಬ್ಬಾಳದ ಕಡೆಯ ಕಂಪನಿಗಳಿಗೆ ಸೈನ್ಸ್ ಗ್ಯಾಲರಿ ಹತ್ತಿರ, ಮಾರತ್ತಹಳ್ಳಿಯವರಿಗೆ ಎಚ್‌ಎಎಲ್ ವಿಮಾನ ಮ್ಯೂಸಿಯಂ. ನೋಡುವುದರಲ್ಲಿ ಆಸಕ್ತಿ ಇಲ್ಲದ ತಂಡಕ್ಕೆ ಆಫೀಸಿನ ಬಳಿಯ ಶಟಲ್ ಕೋರ್ಟು, ಬಾಕ್ಸ್ ಕ್ರಿಕೆಟ್ಟಿನ ಟರ್ಫು, ಕುಂಬಾರಿಕೆಯ ಕಾರ್ಯಾಗಾರ, ಎಲ್ಲರೂ ಸೇರಿ ಅಡುಗೆ ಮಾಡುವ ಒಂದು ಮಧ್ಯಾಹ್ನ. ಇನ್ನು ಮೈಸೂರು, ಮಂಗಳೂರು, ಹುಬ್ಬಳ್ಳಿಯ ಆಫೀಸುಗಳಿಗೆ ಇದು ಇನ್ನೂ ಸುಲಭ. ಕಾರಂಜಿ ಕೆರೆ ಮತ್ತು 1892ರ ಮೃಗಾಲಯ ಊರೊಳಗೇ ಇರುವ ಮೈಸೂರಿನವರು ಬೆಂಗಳೂರನ್ನು ನೋಡಿ ಕೊಡಗಿಗೆ ಬಸ್ ಮಾಡಬೇಕಾಗಿಲ್ಲ.

ಆರಿಸುವ ಕ್ರಮದ ಬಗ್ಗೆ ಒಂದು ಮಾತು. ದೂರವನ್ನು ಆಫೀಸಿನಿಂದ ಅಳೆಯಬೇಡಿ, ಜನರ ಮನೆಗಳಿಂದ ಅಳೆಯಿರಿ. ಪ್ರತಿಯೊಬ್ಬರ ಬಡಾವಣೆಯ ಹೆಸರನ್ನು ಕೇಳಿ, ಗೊತ್ತುಮಾಡಿದ ಜಾಗಕ್ಕೆ ಬಂದುಹೋಗಲು ಯಾರಿಗೆ ಅತಿ ಹೆಚ್ಚು ಹೊತ್ತು ಬೇಕೋ ಅವರ ಹೊತ್ತನ್ನು ನೋಡಿ. ಸರಾಸರಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇಪ್ಪತ್ತು ಮಂದಿಗೆ ಅರ್ಧ ಗಂಟೆಯಾಗಿ ಇಬ್ಬರಿಗೆ ಮೂರು ಗಂಟೆಯಾದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಆ ಇಬ್ಬರು ಮಾತ್ರ ಬರುವುದಿಲ್ಲ. ಅವರ ಪ್ರಯಾಣ ದಿನನಿತ್ಯದ ಆಫೀಸು ಪ್ರಯಾಣಕ್ಕಿಂತ ಹೆಚ್ಚಾಗಬಾರದು ಎಂದು ಒಂದು ಗೆರೆ ಎಳೆದುಕೊಳ್ಳಿ. ಬೆಳಗಿನ ದಟ್ಟಣೆ ಕಳೆದ ಮೇಲೆ ಶುರುಮಾಡಿ, ಸಂಜೆಯದು ಶುರುವಾಗುವ ಮೊದಲು ಮುಗಿಸಿ. ಯಾರು ಬೇಕಾದರೂ ಯಾರನ್ನೂ ಕೇಳದೆ ತಮ್ಮ ಪಾಡಿಗೆ ಹೊರಟು ಮನೆ ಸೇರುವಂತಿರಬೇಕು. ಒಂದೇ ಬಸ್ಸನ್ನು ನಂಬಿದ ಜಾಗದಲ್ಲಿ ಇದು ಸಾಧ್ಯವಿಲ್ಲ, ಮಗುವಿಗೆ ಜ್ವರ ಎಂದು ಫೋನ್ ಬಂದರೆ ಊರಾಚೆಯ ರೆಸಾರ್ಟಿನಿಂದ ಕ್ಯಾಬ್ ಸಿಗುವುದೂ ಕಷ್ಟ. ಶೌಚಾಲಯವನ್ನು ಸಮಿತಿಯವರೇ ಮೊದಲೇ ಹೋಗಿ ಕಣ್ಣಾರೆ ನೋಡಿ ಬನ್ನಿ. ಈ ಒಂದು ಕೆಲಸವನ್ನು ಫೋನಿನಲ್ಲಿ ಮುಗಿಸಬೇಡಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಕೆಲವು ಗಟ್ಟಿಯಾಗಿಯೇ ಇವೆ. ರೆಸಾರ್ಟಿನಲ್ಲಿ ಊಟ, ಹಾಲ್, ಬಾತ್‌ರೂಮು, ಮಳೆ ಬಂದರೆ ಸೂರು ಎಲ್ಲವೂ ಒಂದೇ ಬಿಲ್ಲಿನಲ್ಲಿ ಸಿಗುತ್ತವೆ. ಊರೊಳಗಾದರೆ ಎಲ್ಲವನ್ನೂ ಬೇರೆ ಬೇರೆ ಹೊಂದಿಸಬೇಕು. ಇದು ನಿಜ, ಈ ಹೊರೆ ಬೀಳುವುದೂ ನಿಮ್ಮ ಮೇಲೆಯೇ. ಆದರೆ ನಾಲ್ಕೈದು ಮಂದಿ ಒಂದು ವಾರ ಹೆಚ್ಚು ಓಡಾಡಿದರೆ ಅರವತ್ತು ಮಂದಿಯ ಹಲವು ಗಂಟೆ ಉಳಿಯುತ್ತದೆ. ಒಮ್ಮೆ ಹಾಲ್, ಊಟದವರು, ಮಾರ್ಗದರ್ಶಕರು ಗೊತ್ತಾದರೆ ಮುಂದಿನ ಸಲ ಅರ್ಧ ಕೆಲಸ ಇರುವುದಿಲ್ಲ. ಕಂಪನಿಯೂ ಇದನ್ನು ಕೆಲಸದ ಅವಧಿಯೊಳಗಿನ ಕೆಲಸವೆಂದೇ ಎಣಿಸಿ ನಿಮಗೆ ಹೊತ್ತು ಕೊಡಬೇಕು. ಈ ಬೇಡಿಕೆಯನ್ನು ನೀವು ಧೈರ್ಯವಾಗಿ ಇಡಿ. ಇನ್ನೊಂದು ಆಕ್ಷೇಪ ಹೊರವರ್ತುಲ ರಸ್ತೆಯ ಕಂಪನಿಗಳದ್ದು. ಅಲ್ಲಿ ನೀಲಿ ಮಾರ್ಗದ ಕಾಮಗಾರಿ ಇನ್ನೂ ನಡೆಯುತ್ತಿರುವಾಗ ಮೆಟ್ರೋದ ಮಾತು ಬೆಳ್ಳಂದೂರಿನವರಿಗೆ ಏನು ಉಪಯೋಗ? ಅವರು ಆಫೀಸಿನ ಸುತ್ತಲಿನ ನಾಲ್ಕೈದು ಕಿಲೋಮೀಟರಿನೊಳಗೇ ಹುಡುಕಬೇಕು, ಅಥವಾ ಸಮೀಪದ ಮೆಟ್ರೋ ನಿಲ್ದಾಣದವರೆಗೆ ಮಾತ್ರ ಕಂಪನಿಯ ವಾಹನ ಓಡಿಸಬೇಕು. ದಾರಿ ಕೆಟ್ಟಿರುವವರಿಗೇ ಹತ್ತಿರದ ಜಾಗ ಹೆಚ್ಚು ಬೇಕು.

ಊರೊಳಗೆ ಇಟ್ಟರೆ ಮಧ್ಯಾಹ್ನವೇ ಎಲ್ಲರೂ ಜಾರಿಕೊಳ್ಳುತ್ತಾರೆ, ದೂರವಾದರೆ ಸಂಜೆಯವರೆಗೆ ಇರಲೇಬೇಕು ಎನ್ನುವ ಮಾತೂ ಇದೆ. ಹೋಗಲು ದಾರಿಯಿಲ್ಲದೆ ಉಳಿದವರನ್ನು ಲೆಕ್ಕಕ್ಕೆ ಹಿಡಿದು ಔಟಿಂಗ್ ಚೆನ್ನಾಯಿತು ಎಂದು ಹೇಳಲಾಗದು. ಜನ ಬೇಗ ಹೊರಟರೆ ಅದು ನಿಮಗೆ ಸಿಗುವ ನಿಜವಾದ ಅಭಿಪ್ರಾಯ. ಮುಂದಿನ ಸಲ ಕಾರ್ಯಕ್ರಮ ತಿದ್ದಬಹುದು. ಬಸ್ಸಿನ ಹಾಡು, ಅಂತ್ಯಾಕ್ಷರಿಯೇ ಔಟಿಂಗಿನ ಜೀವ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಬೆಳಗಿನ ಬಸ್ಸಿನಲ್ಲಿ ಆ ಖುಷಿ ನಿಜವಾಗಿಯೂ ಇರುತ್ತದೆ. ಆದರೆ ಅದು ಹಿಂದಿನ ನಾಲ್ಕೈದು ಸಾಲುಗಳ ಖುಷಿ. ಮುಂದಿನ ಸೀಟಿನವರು, ಆ ಭಾಷೆಯ ಹಾಡು ಬಾರದವರು ಕಿಟಕಿ ನೋಡುತ್ತಾ ಕೂತಿರುತ್ತಾರೆ. ಸಂಜೆಯ ಬಸ್ಸಿನಲ್ಲಂತೂ ಎಲ್ಲರ ಕಿವಿಯಲ್ಲೂ ಇಯರ್‌ಫೋನು. ಹಾಡಬೇಕೆಂದರೆ ಹಾಲ್‌ನಲ್ಲಿ ಸುತ್ತ ಕೂತು ಹಾಡಿದರೆ ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತದೆ.

ಕಾಡು, ಬೆಟ್ಟ, ರಾತ್ರಿಯ ಕ್ಯಾಂಪ್‌ಫೈರು ಬೇಕೆನ್ನುವ ಕಿರಿಯರ ಆಸೆಯೂ ನ್ಯಾಯವಾದದ್ದೇ. ಸಾವನದುರ್ಗ ಹತ್ತುವುದರಲ್ಲಿ, ನಂದಿಬೆಟ್ಟದ ಮೇಲೆ ಬೆಳಗಾಗುವುದನ್ನು ನೋಡುವುದರಲ್ಲಿ ಇರುವ ಸಂತೋಷ ಕಬ್ಬನ್ ಪಾರ್ಕಿನಲ್ಲಿ ಸಿಗದು. ಅಂಥ ಪ್ರವಾಸಗಳನ್ನು ಇಷ್ಟವಿದ್ದವರು ಸೇರಿ ಮಾಡಲಿ, ಕಂಪನಿ ಅದಕ್ಕೂ ಸ್ವಲ್ಪ ನೆರವಾಗಲಿ. ಆದರೆ ಅದನ್ನು ‘ತಂಡದ ಔಟಿಂಗ್’ ಎಂದು ಕರೆದು, ಬಾರದವರನ್ನು ಲೆಕ್ಕದಿಂದ ಬಿಡುವುದು ಬೇಡ. ಇಡೀ ತಂಡದ ಹೆಸರಿನಲ್ಲಿ ಹಣ ಮಂಜೂರಾದಾಗ ಅದು ಇಡೀ ತಂಡ ಬರಬಹುದಾದ ಕಡೆಗೇ ಖರ್ಚಾಗಬೇಕು. ಈ ಮಾತನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುವುದಾದರೆ, ನಿಮ್ಮ ಮಹಡಿಯನ್ನು ದಿನಾ ಗುಡಿಸಿ ಒರೆಸುವವರು, ಗೇಟಿನ ಸೆಕ್ಯೂರಿಟಿಯವರು, ಪ್ಯಾಂಟ್ರಿಯಲ್ಲಿ ಕಾಫಿ ಕೊಡುವವರು ಬೇರೆ ಏಜೆನ್ಸಿಯ ಪಟ್ಟಿಯಲ್ಲಿದ್ದಾರೆಂಬ ಕಾರಣಕ್ಕೆ ಯಾವ ಔಟಿಂಗಿಗೂ ಬರುವುದಿಲ್ಲ. ಅವರು ಒಂದು ದಿನದ ಪಾಳಿ ಬಿಟ್ಟು ರೆಸಾರ್ಟಿಗೆ ಬರಲಾರರು. ಆಫೀಸಿನ ಹತ್ತಿರ ಮಧ್ಯಾಹ್ನದ ಊಟಕ್ಕೆ ಸರದಿಯಲ್ಲಿ ಬಂದು ಕೂರಬಲ್ಲರು, ನೀವು ಕರೆದರೆ.

ಕೊನೆಯದಾಗಿ ಒಂದು ಕೋರಿಕೆ. ಈ ತ್ರೈಮಾಸಿಕದ ಔಟಿಂಗನ್ನು ವಾರದ ನಡುವಿನ ಒಂದು ದಿನ, ಮೆಟ್ರೋ ನಿಲ್ದಾಣದಿಂದ ನಡೆದು ಹೋಗಬಹುದಾದ ಜಾಗದಲ್ಲಿ, ಹತ್ತೂವರೆಯಿಂದ ಮೂರೂವರೆಯೊಳಗೆ ಇಟ್ಟು ನೋಡಿ. ಎಷ್ಟು ಮಂದಿ ಬಂದರು ಎಂದು ಎಣಿಸಿ, ಕಳೆದ ಮೂರು ಸಲದ ಲೆಕ್ಕದ ಪಕ್ಕದಲ್ಲಿ ಬರೆದಿಟ್ಟು ಮ್ಯಾನೇಜರುಗಳಿಗೆ ತೋರಿಸಿ. ಮತ್ತು ದಿನ ಗೊತ್ತಾದ ಕೂಡಲೇ, ಮೂರು ಸಲವೂ ‘ಇಲ್ಲ’ ಎಂದು ಬರೆದವರಿಗೆ ಇಮೇಲ್ ಕಳಿಸದೆ ನೀವೇ ಅವರ ಮೇಜಿನ ಬಳಿ ಹೋಗಿ, ಈ ಸಲ ಬರುವಂತೆ ಕರೆಯಿರಿ.

ಇಂತಿ,
ನಿಮ್ಮ ವಿಶ್ವಾಸಿ